ಗಡ್ಡೆಯೊಳಗೆ ಬಿಳಿ ರಕ್ತಕಣ ಜಾಸ್ತಿ ಇದ್ದರೆ ಒಳ್ಳೆಯದಾ?

ಈಚೆಗೆ ದಾವಣಗೆರೆಯಲ್ಲಿ ಮಾಡಿದ ಒಂದು ಉಪನ್ಯಾಸದ ಬರಹ ರೂಪ ಇದು. ಕೇಳಲು ಬಂದವರಲ್ಲಿ ಮೆಡಿಕಲ್ ಓದುವ ಹುಡುಗ ಹುಡುಗಿಯರು ಇದ್ದರು. ಆದರೆ ಮುಂದಿನ ಸಾಲುಗಳಲ್ಲಿ ಕೂತವರು ಹೆಚ್ಚಾಗಿ ರೋಗಿಗಳ ಮನೆಯವರು. ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯಿಂದ ಬಸ್ಸು ಹಿಡಿದು ಬಂದವರು. ಅವರಿಗೆ ಅರ್ಥವಾದರೆ ವಿದ್ಯಾರ್ಥಿಗಳಿಗೂ ಅರ್ಥವಾದೀತು ಅಂದುಕೊಂಡೇ ಮಾತಾಡಿದೆ. ಬರೆಯುವಾಗ ಅಲ್ಲಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನೂ ಬಿಟ್ಟಿಲ್ಲ.

ನಾನು ಪೆಥಾಲಜಿಸ್ಟ್. ರೋಗಿಯ ಮುಖ ನೋಡುವುದು ಕಡಿಮೆ, ಅವರ ಗಡ್ಡೆಯ ಚೂರು ನೋಡುವುದೇ ಜಾಸ್ತಿ. ಥಿಯೇಟರಿನಲ್ಲಿ ಆಪರೇಷನ್ ನಡೆಯುತ್ತಿರುವಾಗಲೇ ಸರ್ಜನ್ ಒಂದು ಸಣ್ಣ ಚೂರನ್ನು ಲ್ಯಾಬಿಗೆ ಕಳಿಸುತ್ತಾರೆ. ಅಕ್ಕಿಕಾಳಿನಷ್ಟು ಇದ್ದರೆ ಸಾಕು. ಅದನ್ನು ಗಾಜಿನ ಸ್ಲೈಡ್ ಮೇಲಿಟ್ಟು, ಇನ್ನೊಂದು ಸ್ಲೈಡಿನಿಂದ ಒತ್ತಿ ಎಳೆಯುತ್ತೇವೆ. ಮೆದುಳು ಮೆತ್ತಗಿರುವುದರಿಂದ ಸಲೀಸಾಗಿ ಹರಡಿಕೊಳ್ಳುತ್ತದೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಇಪ್ಪತ್ತು ನಿಮಿಷದೊಳಗೆ ಇದು ಯಾವ ಜಾತಿಯ ಗಡ್ಡೆ ಅಂತ ಒಂದು ಅಂದಾಜು ಸಿಗುತ್ತದೆ. ಪೂರ್ತಿ ರಿಪೋರ್ಟಿಗೆ ದಿನಗಳು ಬೇಕು.

ಅದು ಗ್ಲಿಯೋಬ್ಲಾಸ್ಟೋಮಾ ಆಗಿದ್ದರೆ, ಅಂದರೆ ದೊಡ್ಡವರ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಮತ್ತು ಎಲ್ಲಕ್ಕಿಂತ ಕಟುವಾದದ್ದರಲ್ಲಿ ಒಂದು ಆಗಿದ್ದರೆ, ಸ್ಲೈಡ್ ತುಂಬಾ ಗದ್ದಲ. ಒಂದರಂತೆ ಒಂದಿಲ್ಲದ ಕೋಶಗಳು, ಕಪ್ಪಗೆ ಉಬ್ಬಿದ ನ್ಯೂಕ್ಲಿಯಸ್‌ಗಳು, ಸುರುಳಿ ಸುತ್ತಿಕೊಂಡ ರಕ್ತನಾಳಗಳು, ನಡುನಡುವೆ ಸತ್ತ ಜಾಗಗಳು. ಕಲಿಯುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಆ ಗದ್ದಲದ ಸಂದಿಯಲ್ಲಿ ಬೇರೆ ಕೋಶಗಳೂ ಇರುತ್ತವೆ. ಉದ್ದನೆಯ, ಬಾಗಿದ ನ್ಯೂಕ್ಲಿಯಸ್ ಇರುವವು ಕೆಲವು. ಸತ್ತ ಜಾಗದ ಪಕ್ಕದಲ್ಲಿ ನೊರೆ ತುಂಬಿದ ಹಾಗೆ ಕಾಣುವವು ಕೆಲವು. ರಕ್ತನಾಳದ ಗೋಡೆಗೆ ಅಂಟಿಕೊಂಡ ಪುಟ್ಟ, ದುಂಡಗಿನ, ಕಡುನೀಲಿ ಚುಕ್ಕಿಗಳು ಕೆಲವು. ಇವು ಯಾವುವೂ ಕ್ಯಾನ್ಸರ್ ಕೋಶಗಳಲ್ಲ. ರೋಗಿಯ ಸ್ವಂತ ರೋಗನಿರೋಧಕ ಕೋಶಗಳು.

ಎಷ್ಟಿರುತ್ತವೆ? ಗ್ಲಿಯೋಬ್ಲಾಸ್ಟೋಮಾದ ಒಟ್ಟು ಕೋಶಗಳಲ್ಲಿ ಶೇ 30ರಿಂದ 50ರವರೆಗೂ ಇವೇ ಇರಬಹುದು. ಅಂದರೆ ಎಂ.ಆರ್.ಐ. ಫಿಲ್ಮಿನಲ್ಲಿ ಬೆಳ್ಳಗೆ ಕಾಣುವ ಆ ಉಂಡೆಯಲ್ಲಿ ಹತ್ತಿರತ್ತಿರ ಅರ್ಧ ಭಾಗ ನಮ್ಮ ಕಡೆಯವರೇ ಆಗಿರಬೇಕಾಗಿತ್ತು. ಹಾಗಿದ್ದೂ ಗಡ್ಡೆ ಬೆಳೆಯುತ್ತಲೇ ಇರುತ್ತದೆ. ಇವತ್ತು ನಾನು ಹೇಳಲು ಹೊರಟಿರುವುದು ಈ ವಿಚಿತ್ರದ ಬಗ್ಗೆಯೇ.

ಮೊದಲು ಬೇರೆ ಅಂಗದ ಒಂದು ಕಥೆ. 2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಲೋನ್ ಮತ್ತು ಅವರ ತಂಡದವರು ದೊಡ್ಡ ಕರುಳಿನ ಕ್ಯಾನ್ಸರ್‌ಗಳನ್ನು ಪರೀಕ್ಷಿಸಿ ಒಂದು ಮುಖ್ಯವಾದ ಸಂಗತಿ ಹೇಳಿದರು. ಗಡ್ಡೆಯೊಳಗೆ ಮತ್ತು ಅದರ ಅಂಚಿನಲ್ಲಿ ಟಿ ಕೋಶಗಳು ದಟ್ಟವಾಗಿ ಸೇರಿದ್ದರೆ ಆ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ. ಟಿ ಕೋಶ ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಒಂದು ಬಗೆ. ಅದರಲ್ಲೂ ಸಿಡಿ8 ಎಂಬ ಗುರುತು ಹೊತ್ತವು ಕೆಟ್ಟ ಕೋಶಗಳನ್ನು ನೇರವಾಗಿ ಕೊಲ್ಲಬಲ್ಲವು. ಆಮೇಲೆ ಇದೇ ಲೆಕ್ಕವನ್ನು ಒಂದು ಅಂಕವಾಗಿ ಮಾಡಿ, ದೇಶ ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಿದರು. ಕರುಳಿನ ಮಟ್ಟಿಗೆ ಅದು ನಿಂತಿತು.

ಅಲ್ಲಿಂದ ಎಲ್ಲರಿಗೂ ಒಂದು ಆಸೆ ಹುಟ್ಟಿತು. ಸೈನಿಕರು ಜಾಸ್ತಿ ಇದ್ದರೆ ಗೆಲುವು ಜಾಸ್ತಿ, ಮೆದುಳಿನಲ್ಲೂ ಎಣಿಸಿಬಿಡೋಣ ಅಂತ. ಎಣಿಸಿದರು. ಒಂದು ಅಧ್ಯಯನದಲ್ಲಿ ಸಿಡಿ8 ಜಾಸ್ತಿ ಇದ್ದವರು ಹೆಚ್ಚು ಬದುಕಿದರು. ಇನ್ನೊಂದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಿರೋಧಕ ಕೋಶಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದ ಕಡೆ, ಜಾಸ್ತಿ ಇದ್ದವರೇ ಬೇಗ ಹೋದರು. ವಿದ್ಯಾರ್ಥಿಗಳು ಈ ಪೇಪರ್‌ಗಳನ್ನು ಓದಿ ತಲೆ ಕೆಡಿಸಿಕೊಂಡು ಬರುತ್ತಾರೆ. ಯಾರದ್ದು ಸರಿ ಸರ್ ಅಂತ ಕೇಳುತ್ತಾರೆ. ಯಾರದ್ದು ಸರಿ ಅನ್ನುವುದಕ್ಕಿಂತ, ಯಾವ ಕೋಶವನ್ನು ಎಣಿಸಿದರು, ಯಾವ ಗಡ್ಡೆಯಲ್ಲಿ ಎಣಿಸಿದರು ಅಂತ ನೋಡಬೇಕು. ಅದನ್ನು ನೋಡಿದರೆ ಗೊಂದಲ ಬಹಳ ಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಮೆದುಳು ಬೇರೆ ಅಂಗಗಳ ಹಾಗಲ್ಲ ಎಂಬ ಮಾತು ಹಳೆಯದು. 1948ರಲ್ಲಿ ಪೀಟರ್ ಮೆಡವಾರ್ ಮೊಲಗಳ ಮೆದುಳಿನಲ್ಲಿ ಬೇರೆ ಮೊಲದ ಚರ್ಮದ ತುಂಡು ನೆಟ್ಟು ನೋಡಿದರು. ಮೈಮೇಲೆ ಕಸಿ ಮಾಡಿದರೆ ದೇಹ ಅದನ್ನು ಕಿತ್ತೊಗೆಯುತ್ತದೆ. ಮೆದುಳಿನಲ್ಲಿ ಸುಮ್ಮನಿತ್ತು. ಆದರೆ ಅದೇ ಮೊಲದ ಮೈಮೇಲೆ ಮೊದಲೇ ಕಸಿ ಮಾಡಿ ದೇಹವನ್ನು ಎಚ್ಚರಿಸಿದ್ದರೆ ಮೆದುಳೂ ಆ ತುಂಡನ್ನು ಬಿಡಲಿಲ್ಲ. ಈ ಎರಡನೆಯ ಭಾಗವನ್ನು ಜನ ಮರೆತರು. ಮೆದುಳಿಗೆ ರೋಗನಿರೋಧಕ ಕೋಶಗಳು ಬರುವುದೇ ಇಲ್ಲ, ಅಲ್ಲಿಂದ ದುಗ್ಧನಾಳಗಳೂ (ನಿರೋಧಕ ಕೋಶಗಳು ಓಡಾಡುವ, ಲಿಂಫ್ ಎಂಬ ದ್ರವದ ನಾಳಗಳು) ಹೊರಡುವುದಿಲ್ಲ ಅಂತ ನಾವೆಲ್ಲ ಓದಿಕೊಂಡು ಪಾಸಾದೆವು. 2015ರಲ್ಲಿ ಅಮೆರಿಕದ ಒಂದು ತಂಡ, ಫಿನ್ಲೆಂಡಿನ ಒಂದು ತಂಡ ಬೇರೆ ಬೇರೆಯಾಗಿಯೇ ಮೆದುಳಿನ ಹೊದಿಕೆಯಲ್ಲಿ ದುಗ್ಧನಾಳಗಳನ್ನು ತೋರಿಸಿದವು. ಅಂದರೆ ದಾರಿ ಇದೆ. ಬರುವವರು ಬರುತ್ತಾರೆ. ಬಂದವರು ಏನು ಮಾಡುತ್ತಾರೆ ಎಂಬುದೇ ತಕರಾರು.

ಈಗ ಯಾರು ಬರುತ್ತಾರೆ ಅಂತ ನೋಡೋಣ. ಗ್ಲಿಯೋಬ್ಲಾಸ್ಟೋಮಾದಲ್ಲಿ ಸಿಗುವ ನಿರೋಧಕ ಕೋಶಗಳಲ್ಲಿ ಬಹುಪಾಲು ಎರಡು ಬಗೆಯವು. ಒಂದು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗ ಬೆಳ್ಳಿಯ ಬಣ್ಣ ಹಾಕಿ ಇವನ್ನು ಬೇರೆ ಮಾಡಿ ತೋರಿಸಿದರು. ಇವು ಮೆದುಳಿನ ಸ್ವಂತ ಕಾವಲು. ನಾವು ಗರ್ಭದಲ್ಲಿ ಇನ್ನೂ ಸಣ್ಣ ಭ್ರೂಣವಾಗಿರುವಾಗಲೇ ಬಂದು ಮೆದುಳಿನಲ್ಲಿ ನೆಲೆಸಿದವು. ಇನ್ನೊಂದು ಮ್ಯಾಕ್ರೋಫೇಜ್. ಇವು ಮೂಳೆಮಜ್ಜೆಯಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ಗಡ್ಡೆ ಕರೆದಾಗ ಒಳಗೆ ನುಗ್ಗುವವು. ಗಡ್ಡೆ ಕರೆಯುವುದು ನಿಜ. ಕ್ಯಾನ್ಸರ್ ಕೋಶಗಳು ಸಿಎಸ್‌ಎಫ್-1, ಸಿಸಿಎಲ್2 ಮುಂತಾದ ರಾಸಾಯನಿಕಗಳನ್ನು ಬಿಟ್ಟು ಇವನ್ನು ಎಳೆದುಕೊಳ್ಳುತ್ತವೆ.

ಬಂದ ಮ್ಯಾಕ್ರೋಫೇಜ್ ಮೊದಲ ಕೆಲಸವಾಗಿ ಕ್ಯಾನ್ಸರ್ ಕೋಶವನ್ನು ನುಂಗಬೇಕು. ನುಂಗಿ, ಅದರ ತುಣುಕನ್ನು ಟಿ ಕೋಶಕ್ಕೆ ತೋರಿಸಿ, ಇವನೇ ಕಳ್ಳ ಅನ್ನಬೇಕು. ಗಡ್ಡೆಯ ಒಳಗೆ ಕೂತಮೇಲೆ ಅವುಗಳಲ್ಲಿ ಬಹಳಷ್ಟು ಹಾಗೆ ಮಾಡುವುದಿಲ್ಲ. ಹೊಸ ರಕ್ತನಾಳ ಬೆಳೆಯಲು ಬೇಕಾದ ಪದಾರ್ಥ ಬಿಡುತ್ತವೆ. ಕೋಶಗಳ ನಡುವಿನ ಅಂಟನ್ನು ಕರಗಿಸುವ ಕಿಣ್ವ ಬಿಟ್ಟು ಕ್ಯಾನ್ಸರ್ ಹರಡಲು ಹಾದಿ ಮಾಡಿಕೊಡುತ್ತವೆ. ಟಿ ಕೋಶ ಬಂದರೆ ಟಿಜಿಎಫ್-ಬೀಟಾ, ಐಎಲ್-10 ಎಂಬ ಪದಾರ್ಥಗಳನ್ನು ಬಿಟ್ಟು ಅದನ್ನು ತೆಪ್ಪಗೆ ಕೂರಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಅಂತಾರಲ್ಲ, ಇದು ಅಕ್ಷರಶಃ ಅದೇ. ಹೊಲ ಕಾಯಲೆಂದು ಹಾಕಿದ ಬೇಲಿ ದಟ್ಟವಾದಷ್ಟೂ ಮೇಯುವುದು ಜಾಸ್ತಿ.

ಹಾಗಾಗಿಯೇ ನಿರೋಧಕ ಕೋಶ ಅಂತ ಒಟ್ಟಿಗೆ ಎಣಿಸಿದರೆ ಲೆಕ್ಕ ತಲೆಕೆಳಗಾಗುವುದು. ಎಣಿಸಿದ ನೂರರಲ್ಲಿ ಹೆಚ್ಚಿನವು ಈ ಮೈಕ್ರೋಗ್ಲಿಯಾ, ಮ್ಯಾಕ್ರೋಫೇಜ್‌ಗಳೇ ಆಗಿರುತ್ತವೆ. ಅದರಲ್ಲೂ ರಕ್ತದಿಂದ ಬಂದವು ಜಾಸ್ತಿ ಇದ್ದ ಗ್ಲಿಯೋಮಾಗಳಲ್ಲಿ (ಗ್ಲಿಯೋಬ್ಲಾಸ್ಟೋಮಾ ಸೇರಿದ ಗಡ್ಡೆಗಳ ಕುಟುಂಬ ಅದು) ರೋಗಿಗಳ ಆಯುಷ್ಯ ಕಡಿಮೆ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಮೆದುಳಿನ ಸ್ವಂತ ಮೈಕ್ರೋಗ್ಲಿಯಾದ ಲೆಕ್ಕಕ್ಕೆ ಅಂಥ ನಂಟು ಕಾಣಲಿಲ್ಲ.

ಇವೆರಡನ್ನು ಬೇರೆ ಮಾಡುವುದು ಸುಲಭವಲ್ಲ. ಸಾಮಾನ್ಯ ಬಣ್ಣದಲ್ಲಿ ಎರಡೂ ಒಂದೇ ಥರ. ಇಮ್ಯುನೋ ಸ್ಟೇನ್ ಮಾಡಬೇಕು. ಕೋಶದ ಮೇಲಿನ ಒಂದು ಪ್ರೋಟೀನಿಗೆ ಮಾತ್ರ ಅಂಟುವ ದ್ರವ ಹಾಕಿ, ಅಂಟಿದ ಕಡೆ ಕಂದು ಬಣ್ಣ ಬರುವ ಹಾಗೆ ಮಾಡುತ್ತೇವೆ. ಸಿಡಿ68 ಹಾಕಿದರೆ ಎರಡೂ ಕಂದಾಗುತ್ತವೆ. ಟಿಎಂಇಎಂ119 ಎಂಬುದು ಮೈಕ್ರೋಗ್ಲಿಯಾದ ಗುರುತು. ಆದರೆ ಗಡ್ಡೆಯೊಳಗೆ ಸೇರಿದ ಮೈಕ್ರೋಗ್ಲಿಯಾ ಆ ಗುರುತನ್ನೂ ಕಳೆದುಕೊಳ್ಳಬಹುದು. ವೇಷ ಬದಲಾಯಿಸಿದವರನ್ನು ಹಿಡಿಯುವ ಕೆಲಸ ಇದು. ನಿಜ ಹೇಳಬೇಕೆಂದರೆ ದಿನನಿತ್ಯದ ರಿಪೋರ್ಟಿನಲ್ಲಿ ನಾವು ಇಷ್ಟೆಲ್ಲ ಮಾಡುವುದಿಲ್ಲ. ಮಾಡಿದರೂ ಇವತ್ತಿಗೆ ಚಿಕಿತ್ಸೆ ಬದಲಾಗುವುದಿಲ್ಲ.

ಇನ್ನು ಐಡಿಎಚ್. ವಿದ್ಯಾರ್ಥಿಗಳೇ, ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ, ಎಷ್ಟೋ ಪೇಪರ್‌ಗಳು ಎಡವಿದ್ದು ಇಲ್ಲೇ. 2008ರಲ್ಲಿ ಗ್ಲಿಯೋಮಾಗಳ ಜೀನ್ ಓದುವಾಗ ಕೆಲವರಲ್ಲಿ ಐಡಿಎಚ್1 ಎಂಬ ಜೀನ್‌ನಲ್ಲಿ ಒಂದು ಬದಲಾವಣೆ ಸಿಕ್ಕಿತು. ಈ ಬದಲಾವಣೆ ಇರುವವರು ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು. ಅವರ ಗಡ್ಡೆ ನಿಧಾನ. ಅವರು ಬದುಕುವ ಕಾಲ ಎಷ್ಟೋ ಜಾಸ್ತಿ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಐಡಿಎಚ್ ಬದಲಾದ ಗಡ್ಡೆಗಳಿಗೆ ಗ್ಲಿಯೋಬ್ಲಾಸ್ಟೋಮಾ ಎಂಬ ಹೆಸರನ್ನೇ ತೆಗೆದುಹಾಕಿದರು. ಅಷ್ಟು ಬೇರೆ ರೋಗ ಅದು.

ಈ ಒಳ್ಳೆಯ ಗಡ್ಡೆಗಳಲ್ಲಿ ನಿರೋಧಕ ಕೋಶಗಳು ಜಾಸ್ತಿ ಇರಬೇಕಲ್ವಾ? ಇಲ್ಲ, ಕಡಿಮೆ. ಬದಲಾದ ಐಡಿಎಚ್ ಒಂದು ಬೇಡದ ಪದಾರ್ಥ ತಯಾರಿಸುತ್ತದೆ, 2-ಹೈಡ್ರಾಕ್ಸಿಗ್ಲುಟರೇಟ್. ಟಿ ಕೋಶಗಳನ್ನು ಕರೆಯುವ ಸಂಕೇತಗಳನ್ನು ಅದು ತಗ್ಗಿಸುತ್ತದೆ, ಬಂದ ಟಿ ಕೋಶಗಳನ್ನೂ ಮಂಕಾಗಿಸುತ್ತದೆ. 2020ರಲ್ಲಿ ಸ್ವಿಟ್ಜರ್ಲೆಂಡಿನ ಎರಡು ತಂಡಗಳು ಒಂದೊಂದು ಕೋಶವನ್ನೂ ಬಿಡಿಸಿ ಇಂಥ ಗಡ್ಡೆಗಳ ನಕ್ಷೆ ಮಾಡಿದವು. ಐಡಿಎಚ್ ಬದಲಾದವುಗಳಲ್ಲಿ ಮೈಕ್ರೋಗ್ಲಿಯಾದ ಪಾಲು ದೊಡ್ಡದು. ಬದಲಾಗದ ಗ್ಲಿಯೋಬ್ಲಾಸ್ಟೋಮಾದಲ್ಲಿ ರಕ್ತದಿಂದ ಬಂದ ಮ್ಯಾಕ್ರೋಫೇಜ್‌ಗಳು ಮುಂದೆ.

ಈಗ ಒಬ್ಬ ಸಂಶೋಧಕ ಈ ಎರಡು ರೋಗಗಳನ್ನೂ ಒಂದೇ ಬುಟ್ಟಿಗೆ ಹಾಕಿ ಎಣಿಸಿದ ಅಂದುಕೊಳ್ಳಿ. ನಿರೋಧಕ ಕೋಶ ಕಡಿಮೆ ಇದ್ದವರು ಹೆಚ್ಚು ಬದುಕಿದರು ಎಂಬ ಉತ್ತರ ಬಂದೇ ಬರುತ್ತದೆ. ಅವರು ಬದುಕಿದ್ದು ಐಡಿಎಚ್ ಕಾರಣಕ್ಕೆ. ಕೋಶ ಕಡಿಮೆ ಇದ್ದದ್ದೂ ಐಡಿಎಚ್ ಕಾರಣಕ್ಕೆ. ಹಾಗಾಗಿ ಗ್ಲಿಯೋಮಾದ ಬಗ್ಗೆ ಯಾವ ಪೇಪರ್ ಓದಿದರೂ ನಾನು ಮೊದಲು ನೋಡುವುದು ಐಡಿಎಚ್ ಬೇರೆ ಮಾಡಿದ್ದಾರಾ ಅಂತ. ಮಾಡಿಲ್ಲದಿದ್ದರೆ ಅಲ್ಲಿಗೇ ಮಡಚಿಡುತ್ತೇನೆ. ಸ್ವಲ್ಪ ಕಟುವಾಯಿತೇನೋ, ಆದರೆ ಓದಲು ಬೇರೆ ಎಷ್ಟೋ ಇದೆ.

ಟಿ ಕೋಶಗಳ ವಿಷಯಕ್ಕೆ ಬರೋಣ. ಗ್ಲಿಯೋಬ್ಲಾಸ್ಟೋಮಾದಲ್ಲಿ ಇವು ಕಡಿಮೆ. ಇದ್ದರೂ ಬಹಳ ಸಲ ರಕ್ತನಾಳದ ಸುತ್ತಲೇ ಗುಂಪುಗಟ್ಟಿ ನಿಂತಿರುತ್ತವೆ, ಕ್ಯಾನ್ಸರ್ ಕೋಶಗಳ ನಡುವೆ ಇಳಿದಿರುವುದಿಲ್ಲ. ಇಳಿದವೂ ದಣಿದಿರುತ್ತವೆ. ಉಳಿದವು ಎಲ್ಲಿ ಹೋದವು? 2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಒಂದು ಉತ್ತರ ಕೊಟ್ಟರು. ಟಿ ಕೋಶಗಳು ಮೂಳೆಮಜ್ಜೆಯಲ್ಲೇ ಸಿಕ್ಕಿಹಾಕಿಕೊಂಡಿದ್ದವು. ಮಜ್ಜೆಯಿಂದ ಹೊರಬರಲು ಆ ಕೋಶದ ಮೈಮೇಲೆ ಎಸ್1ಪಿ1 ಎಂಬ ಒಂದು ಗ್ರಾಹಕ ಬೇಕು. ತಲೆಯಲ್ಲಿ ಗಡ್ಡೆ ಇರುವವರಲ್ಲಿ ಆ ಗ್ರಾಹಕ ಮೈಮೇಲಿಂದ ಕಾಣೆಯಾಗಿತ್ತು. ಕೆಲವು ರೋಗಿಗಳಲ್ಲಿ ಚಿಕಿತ್ಸೆ ಶುರುವಾಗುವ ಮೊದಲೇ ಸಿಡಿ4 (ಟಿ ಕೋಶದ ಇನ್ನೊಂದು ಬಗೆ) ಎಣಿಕೆ ಏಡ್ಸ್ ರೋಗಿಗಳ ಮಟ್ಟಕ್ಕೆ ಇಳಿದಿತ್ತು. ಗಡ್ಡೆ ಇರುವುದು ತಲೆಯಲ್ಲಿ, ಏಟು ಬಿದ್ದಿರುವುದು ಮೈಯೆಲ್ಲ ಮೂಳೆಗೆ.

2024ರಲ್ಲಿ ಜರ್ಮನಿಯ ಸಂಶೋಧಕರು ಇದಕ್ಕೆ ಒಂದು ಬಾಲ ಸೇರಿಸಿದರು. ಗಡ್ಡೆಗೆ ಹತ್ತಿರವಿರುವ ತಲೆಬುರುಡೆಯ ಮಜ್ಜೆಯಲ್ಲಿ, ಗಡ್ಡೆಯನ್ನು ಕೊಲ್ಲಬಲ್ಲ ಚುರುಕಾದ ಸಿಡಿ8 ಟಿ ಕೋಶಗಳು ಸೇರಿರುವುದನ್ನು ತೋರಿಸಿದರು. ಆಪರೇಷನ್ನಿನಲ್ಲಿ ನಾವು ದಾರಿಗಾಗಿ ಕತ್ತರಿಸುವ ಮೂಳೆ ಅದೇ. ಇದರಿಂದ ಆಪರೇಷನ್ ವಿಧಾನ ಬದಲಾಗಬೇಕೆ ಎಂಬ ಚರ್ಚೆ ಈಗಷ್ಟೇ ಶುರುವಾಗಿದೆ.

ರಕ್ತದಲ್ಲಿರುವುದನ್ನೆಲ್ಲ ಒಳಗೆ ಬಿಡದೆ ತಡೆಯುವ ಮೆದುಳಿನ ಗೋಡೆಯೇ ಎಲ್ಲಕ್ಕೂ ಕಾರಣ ಅನ್ನುವವರಿಗೆ ಒಂದು ಮಾತು. ಬೇರೆ ಕಡೆ ಹುಟ್ಟಿ ಮೆದುಳಿಗೆ ಹರಡಿದ ಕ್ಯಾನ್ಸರ್‌ಗಳನ್ನು ನೋಡಿ. ಅವುಗಳಲ್ಲಿ ಟಿ ಕೋಶಗಳು ಗ್ಲಿಯೋಬ್ಲಾಸ್ಟೋಮಾಕ್ಕಿಂತ ಜಾಸ್ತಿ. ಅಲ್ಲಿ ಅವು ದಟ್ಟವಾಗಿದ್ದರೆ ರೋಗಿ ಹೆಚ್ಚು ಕಾಲ ಬದುಕುತ್ತಾನೆ ಎಂದು ವಿಯೆನ್ನಾದ ಅಧ್ಯಯನಗಳು ತೋರಿಸಿವೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮೆದುಳಿಗೆ ಹರಡಿ, ಇನ್ನೂ ತೊಂದರೆ ಕೊಡದೆ ಇದ್ದವರಿಗೆ ಎರಡು ಇಮ್ಯುನೋಥೆರಪಿ ಔಷಧಿ (ಟಿ ಕೋಶಗಳನ್ನು ಎಚ್ಚರಿಸುವಂಥವು) ಒಟ್ಟಿಗೆ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಮೆದುಳಿನೊಳಗೇ ಉಪಯೋಗವಾಗಿತ್ತು. ಅದೇ ಮೆದುಳು, ಅದೇ ಗೋಡೆ. ಬೇರೆಯಾಗಿದ್ದದ್ದು ಗಡ್ಡೆ.

ಅದೇ ಗುಂಪಿನ ಔಷಧಿ ನಿವೊಲುಮ್ಯಾಬ್ ಅನ್ನು ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾಕ್ಕೆ ಕೊಟ್ಟಾಗ ಏನಾಯಿತು? ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಝುಮ್ಯಾಬ್ ಪಡೆದವರು ಬದುಕಿದ್ದಷ್ಟೇ ಕಾಲ ಇವರೂ ಬದುಕಿದರು. ಎರಡೂ ಗುಂಪಿನಲ್ಲಿ ಹತ್ತು ತಿಂಗಳ ಆಸುಪಾಸು. ಹೊಸ ರೋಗಿಗಳಲ್ಲಿ ಮಾಡಿದ ದೊಡ್ಡ ಪ್ರಯೋಗಗಳೂ ಸೋತವು. ಈ ಔಷಧಿಗಳ ಹಿಂದಿನ ವಿಜ್ಞಾನಕ್ಕೆ 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ ನೊಬೆಲ್ ಬಂದಿತ್ತು. ಪೇಪರಿನಲ್ಲಿ ಸುದ್ದಿ ನೋಡಿ ಎಷ್ಟೋ ಮನೆಯವರು ಆ ಇಂಜೆಕ್ಷನ್ ನಮಗೂ ಕೊಡಿಸಿ ಅಂತ ಕೇಳಿದರು. ಒಂದೊಂದು ಡೋಸಿಗೂ ಹೊಲ ಮಾರುವಷ್ಟು ಖರ್ಚು. ಉಪಯೋಗ ಸಾಬೀತಾಗದ ಕಡೆ ಹೊಲ ಮಾರಬೇಡಿ ಎಂದು ಹೇಳುವುದೂ ವೈದ್ಯರ ಕೆಲಸವೇ.

ಒಂದು ಸಣ್ಣ ಆಸೆಯ ಗೆರೆ ಇದೆ. 2019ರಲ್ಲಿ 35 ರೋಗಿಗಳ ಒಂದು ಪ್ರಯೋಗದಲ್ಲಿ ಇದೇ ಗುಂಪಿನ ಪೆಂಬ್ರೊಲಿಝುಮ್ಯಾಬ್ ಅನ್ನು ಎರಡನೇ ಆಪರೇಷನ್ನಿನ ಮೊದಲೇ ಶುರು ಮಾಡಿದವರು, ಆಪರೇಷನ್ ಆದಮೇಲೆ ಶುರು ಮಾಡಿದವರಿಗಿಂತ ಹೆಚ್ಚು ಬದುಕಿದರು. ಗಡ್ಡೆ ಇನ್ನೂ ಒಳಗಿರುವಾಗ ಔಷಧಿ ಕೊಟ್ಟರೆ ಟಿ ಕೋಶಗಳಿಗೆ ಕಳ್ಳನ ಮುಖ ಗೊತ್ತಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. 35 ಜನ ಅಂದರೆ ತೀರ ಕಡಿಮೆ, ಅದನ್ನು ನೆಚ್ಚಿ ಚಿಕಿತ್ಸೆ ಬದಲಿಸಲಾಗದು. ಇತ್ತ ಮ್ಯಾಕ್ರೋಫೇಜ್‌ಗಳನ್ನೇ ಸರಿದಾರಿಗೆ ತರುವ ಔಷಧಿ 2013ರಲ್ಲಿ ಇಲಿಗಳಲ್ಲಿ ಅದ್ಭುತವಾಗಿ ಕೆಲಸ ಮಾಡಿತ್ತು. ಅದೇ ಗುಂಪಿನ ಔಷಧಿಯನ್ನು ಮನುಷ್ಯರಿಗೆ ಕೊಟ್ಟಾಗ ಉಪಯೋಗ ಕಾಣಲಿಲ್ಲ. ಮೆದುಳಿನ ಗಡ್ಡೆಯ ವಿಷಯದಲ್ಲಿ ಇಲಿಗಳು ನಮಗಿಂತ ಪುಣ್ಯವಂತರು.

ಸ್ಟೀರಾಯ್ಡ್ ಬಗ್ಗೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ತಲೆನೋವು, ವಾಂತಿ, ಒಂದು ಕೈ ಸೋಲುವುದು ಅಂತ ಬಂದವರಿಗೆ ಸ್ಕ್ಯಾನಿನಲ್ಲಿ ಗಡ್ಡೆಯ ಸುತ್ತ ಊತ ಕಂಡರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಶುರು ಮಾಡುತ್ತಾರೆ. ಒಂದೆರಡು ದಿನದಲ್ಲಿ ರೋಗಿ ಎದ್ದು ಕೂತು ಊಟ ಕೇಳುತ್ತಾನೆ. ಮನೆಯವರ ಕಣ್ಣಿಗೆ ಅದು ಪವಾಡ. ಅದೇ ಮಾತ್ರೆ ಲಿಂಫೋಸೈಟ್‌ಗಳನ್ನು ಕುಗ್ಗಿಸುತ್ತದೆ. ರೇಡಿಯೇಷನ್ ಸಮಯದಲ್ಲಿ ಸ್ಟೀರಾಯ್ಡ್ ಪಡೆದವರ ಆಯುಷ್ಯ ಕಡಿಮೆ ಇತ್ತು ಎಂದು 2016ರ ಒಂದು ಅಧ್ಯಯನ ತೋರಿಸಿತು. ಊತ ಜಾಸ್ತಿ ಇದ್ದವರಿಗೇ ಜಾಸ್ತಿ ಸ್ಟೀರಾಯ್ಡ್ ಬೇಕಾಗುತ್ತದೆ, ಅವರ ರೋಗವೇ ಜೋರಾಗಿತ್ತೇನೋ ಅಂತ ಕೇಳಬಹುದು. ಕೇಳಲೇಬೇಕು. ಆ ಸಂಶೋಧಕರು ವಯಸ್ಸು, ರೋಗಿಯ ಸ್ಥಿತಿ ಎಲ್ಲ ಸರಿದೂಗಿಸಿ ನೋಡಿದರು, ಇಲಿಗಳಲ್ಲೂ ನೋಡಿದರು. ನಂಟು ಉಳಿಯಿತು. ಹಾಗಾಗಿ ಈಗಿನ ರೂಢಿ ಇಷ್ಟು: ಬೇಕಾದಷ್ಟೇ ಕೊಡು, ಸಾಧ್ಯವಾದಷ್ಟು ಬೇಗ ಇಳಿಸು. ಇಳಿಸುವುದು ಡಾಕ್ಟರು. ಇದನ್ನು ಓದಿ ಯಾರೂ ಮಾತ್ರೆ ತಾವೇ ನಿಲ್ಲಿಸಬಾರದು. ಒಮ್ಮೆಲೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ಸ್ಟೀರಾಯ್ಡಿನಿಂದ ನಮ್ಮ ಕೆಲಸಕ್ಕೂ ಒಂದು ಫಜೀತಿ ಇದೆ. ಮೆದುಳಿನ ಲಿಂಫೋಮಾ ಎಂಬ ಗಡ್ಡೆ ಇದೆ. ಅಲ್ಲಿ ಕ್ಯಾನ್ಸರ್ ಆಗಿರುವುದೇ ನಿರೋಧಕ ಕೋಶ, ಬಿ ಲಿಂಫೋಸೈಟ್. ಬಯಾಪ್ಸಿಗೆ ಮೊದಲೇ ಡೆಕ್ಸಾಮೆಥಾಸೋನ್ ಹೋಗಿದ್ದರೆ ಗಡ್ಡೆ ಕರಗಿ, ನನ್ನ ಸ್ಲೈಡಿನಲ್ಲಿ ಸತ್ತ ಕೋಶ, ಮ್ಯಾಕ್ರೋಫೇಜ್, ನಾಲ್ಕಾರು ಟಿ ಕೋಶ ಬಿಟ್ಟು ಏನೂ ಸಿಗುವುದಿಲ್ಲ. ಆಮೇಲೆ ಗಡ್ಡೆ ಮತ್ತೆ ಬೆಳೆದು ಬರುವವರೆಗೆ ಕಾಯಬೇಕು. ಆದ್ದರಿಂದ ಸ್ಕ್ಯಾನಿನಲ್ಲಿ ಲಿಂಫೋಮಾ ಅನುಮಾನ ಬಂದರೆ, ರೋಗಿಯ ಸ್ಥಿತಿ ತಡೆಯುವ ಹಾಗಿದ್ದರೆ, ಬಯಾಪ್ಸಿ ಆಗುವವರೆಗೆ ಸ್ಟೀರಾಯ್ಡ್ ತಡೆಹಿಡಿಯುತ್ತಾರೆ.

ಇಷ್ಟಾದ ಮೇಲೆ ಸಭೆಯಲ್ಲಿ ಪ್ರಶ್ನೆಗಳು ಶುರುವಾದವು.

ಒಬ್ಬರು ತಮ್ಮ ಅಣ್ಣನ ಸಿಬಿಸಿ ರಿಪೋರ್ಟನ್ನೇ, ಅಂದರೆ ರಕ್ತಕಣಗಳ ಎಣಿಕೆಯ ಕಾಗದವನ್ನೇ, ಹಿಡಿದು ನಿಂತರು. ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ 4ಕ್ಕಿಂತ ಜಾಸ್ತಿ ಬಂದರೆ ಕೆಟ್ಟದ್ದು ಅಂತ ಮೊಬೈಲಿನಲ್ಲಿ ಓದಿದೆ, ನಮ್ಮಣ್ಣನದು 9 ಬಂದಿದೆ ಸರ್ ಅಂದರು. ನ್ಯೂಟ್ರೋಫಿಲ್ ಕೂಡ ಬಿಳಿ ರಕ್ತಕಣದ ಒಂದು ಬಗೆ. ಅಂಥ ಅಧ್ಯಯನಗಳು ಇರುವುದು ನಿಜ. ಆದರೆ ಡೆಕ್ಸಾಮೆಥಾಸೋನ್ ತಾನೇ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ. ಅಣ್ಣನಿಗೆ ಆ ಮಾತ್ರೆ ನಡೆಯುತ್ತಿದೆಯಾ ಅಂತ ಕೇಳಿದೆ. ದಿನಕ್ಕೆ ಮೂರು ಸಲ ಅಂದರು. ಹಾಗಿದ್ದರೆ ಆ 9ರಲ್ಲಿ ಮಾತ್ರೆಯ ಪಾಲೆಷ್ಟು, ರೋಗದ ಪಾಲೆಷ್ಟು ಅಂತ ಯಾರೂ ಬೇರೆ ಮಾಡಲಾರರು. ಒಂದು ಸೋಂಕು ಇದ್ದರೂ ಆ ಸಂಖ್ಯೆ ಏರುತ್ತದೆ. ಆ ಕಾಗದ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ ಅಂದೆ.

ಹಾಗಾದರೆ ಯಾವುದನ್ನು ನೋಡಬೇಕು ಸರ್ ಅಂತ ಅವರದೇ ಮರುಪ್ರಶ್ನೆ. ಇವತ್ತಿಗೆ ಭರವಸೆಯಿಂದ ನೋಡುವುದು ಇವನ್ನು: ರೋಗಿಯ ವಯಸ್ಸು, ತನ್ನ ಕೆಲಸ ತಾನು ಮಾಡಿಕೊಳ್ಳುವ ಶಕ್ತಿ, ಆಪರೇಷನ್ನಿನಲ್ಲಿ ಗಡ್ಡೆ ಎಷ್ಟು ತೆಗೆದರು, ಐಡಿಎಚ್ ಬದಲಾಗಿದೆಯಾ, ಎಂಜಿಎಂಟಿ ಎಂಬ ಜೀನ್‌ನ ಬಾಗಿಲು ಮುಚ್ಚಿದೆಯಾ, ಅಂದರೆ ಅದು ಕೆಲಸ ನಿಲ್ಲಿಸಿದೆಯಾ. ಮುಚ್ಚಿದ್ದರೆ ಟೆಮೊಝೊಲೊಮೈಡ್ ಎಂಬ ಕೀಮೋ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ. ನಿರೋಧಕ ಕೋಶದ ಎಣಿಕೆ ಈ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ. 2005ರ ದೊಡ್ಡ ಪ್ರಯೋಗದಲ್ಲಿ ರೇಡಿಯೇಷನ್ ಮಾತ್ರ ಪಡೆದವರಲ್ಲಿ ಅರ್ಧ ಜನ 12.1 ತಿಂಗಳು ದಾಟಿದರು, ಜೊತೆಗೆ ಟೆಮೊಝೊಲೊಮೈಡ್ ಪಡೆದವರಲ್ಲಿ ಅರ್ಧ ಜನ 14.6 ತಿಂಗಳು ದಾಟಿದರು. ಎರಡು ವರ್ಷ ದಾಟಿದವರ ಪಾಲು ಶೇ 10.4ರಿಂದ 26.5ಕ್ಕೆ ಏರಿತು. 14.6 ಅಂದರೆ ನಿಮ್ಮಣ್ಣನಿಗೆ ಬರೆದಿಟ್ಟ ಗಡುವಲ್ಲ. ನೂರು ಜನರಲ್ಲಿ ಐವತ್ತು ಜನ ಅದರಾಚೆಗೆ ಇದ್ದರು.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, ಅಮೃತಬಳ್ಳಿ ಕಷಾಯ ಕುಡಿಸ್ತಿದೀನಪ್ಪ, ಶಕ್ತಿ ಬರ್ಲಿ ಅಂತ, ತಪ್ಪೇನು ಅಂದರು. ತಪ್ಪು ಅಂತ ಬೈಯಲು ಮನಸ್ಸಾಗಲಿಲ್ಲ. ಅಜ್ಜಿ, ಈ ರೋಗದಲ್ಲಿ ಗಡ್ಡೆಯ ಒಳಗೇ ಶಕ್ತಿಯ ಕೋಶಗಳು ತುಂಬಿವೆ, ಅವು ದಾರಿ ತಪ್ಪಿವೆ, ಇನ್ನಷ್ಟು ಸೇರಿಸಿದರೆ ಸರಿಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ ಅಂತ ಬಿಡಿಸಿ ಹೇಳಿದೆ. ಇನ್ನೊಂದು ವಿಷಯವೂ ಇದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ಕೆಟ್ಟಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಟೆಮೊಝೊಲೊಮೈಡ್ ಕೂಡ ಒಮ್ಮೊಮ್ಮೆ ಲಿವರಿಗೆ ತೊಂದರೆ ಕೊಡುತ್ತದೆ. ಎರಡೂ ಒಟ್ಟಿಗೆ ಬೇಡ. ಅಜ್ಜಿ ಅರ್ಧ ಒಪ್ಪಿದರು. ರಾಗಿ ಗಂಜಿ ಕೊಡಬಹುದಲ್ಲ ಅಂದರು. ಧಾರಾಳವಾಗಿ ಕೊಡಿ ಅಂದೆ.

ಒಬ್ಬ ವಿದ್ಯಾರ್ಥಿನಿ ಅಲರ್ಜಿ ಬಗ್ಗೆ ಕೇಳಿದಳು. ಅಲರ್ಜಿ ಇರುವವರಿಗೆ ಗ್ಲಿಯೋಮಾ ಬರುವ ಸಂಭವ ಸ್ವಲ್ಪ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಯಾಕೆ ಅನ್ನುವುದರ ಬಗ್ಗೆ ವಾದಗಳಿವೆ. ದಾವಣಗೆರೆಯ ಧೂಳಿಗೆ ಬೆಳಗಿಂದ ಸೀನುವವರೆಲ್ಲ ಸಮಾಧಾನ ಪಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನ ಉಪಯೋಗ ಆ ಮಾಹಿತಿಯಿಂದ ಇಲ್ಲ.

ಕಾರ್-ಟಿ ಚಿಕಿತ್ಸೆ ಭಾರತಕ್ಕೂ ಬಂದಿದೆಯಂತೆ, ನಮಗೆ ಸಿಗುತ್ತದಾ ಅಂತ ಇನ್ನೊಬ್ಬರು ಕೇಳಿದರು. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಕ್ಯಾನ್ಸರ್ ಗುರುತಿಸುವ ಹಾಗೆ ಬದಲಿಸಿ ವಾಪಸ್ ಕೊಡುವ ಚಿಕಿತ್ಸೆ ಅದು. ಬಂದಿರುವುದು ಹೌದು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬಿ ಕೋಶಗಳ ರಕ್ತ ಕ್ಯಾನ್ಸರ್‌ಗಳಿಗೆ. ಗ್ಲಿಯೋಬ್ಲಾಸ್ಟೋಮಾಕ್ಕೆ ಕಾರ್-ಟಿ ಇನ್ನೂ ಪ್ರಯೋಗದ ಹಂತದಲ್ಲಿದೆ. 2016ರಲ್ಲಿ ಅಮೆರಿಕದಲ್ಲಿ ಒಬ್ಬ ರೋಗಿಯ ಗಡ್ಡೆಗಳು ಕರಗಿ ಏಳೂವರೆ ತಿಂಗಳು ಹಾಗೇ ಇದ್ದವು, ಆಮೇಲೆ ಮರಳಿದವು. 2024ರಲ್ಲಿ ಮೂವರು ರೋಗಿಗಳಲ್ಲಿ ಗಡ್ಡೆ ಬಹಳ ಬೇಗ ಕುಗ್ಗಿದ್ದು ವರದಿಯಾಯಿತು, ಹೆಚ್ಚಿನವರಲ್ಲಿ ಅದೂ ಬಾಳಲಿಲ್ಲ. ಆದರೂ ನನಗೆ ಆಸೆ ಇರುವುದು ಈ ದಾರಿಯ ಮೇಲೆಯೇ.

ಕೊನೆಯ ಪ್ರಶ್ನೆ ಬೆಂಗಳೂರಿಗೆ ಹೊರಟವರದು. ನಿಮ್ಹಾನ್ಸಿಗೆ ಹೋಗ್ತಿದೀವಿ, ಏನೇನು ತಗೊಂಡು ಹೋಗ್ಬೇಕು ಅಂದರು. ಎಂ.ಆರ್.ಐ. ಫಿಲ್ಮ್‌ಗಳ ದೊಡ್ಡ ಕವರ್ ಎಲ್ಲರೂ ಹಿಡಿದಿರುತ್ತಾರೆ. ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಜನ ಮರೆಯುವುದು ಪ್ಯಾರಾಫಿನ್ ಬ್ಲಾಕ್ ಮತ್ತು ಸ್ಲೈಡ್. ನಿಮ್ಮವರ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಬೆರಳಿನ ಎರಡು ಗೆಣ್ಣಿನಷ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಂಬರ್ ಹಾಕಿ ಇಟ್ಟಿರುತ್ತೇವೆ. ಐಡಿಎಚ್, ಎಂಜಿಎಂಟಿ ಪರೀಕ್ಷೆ ಮಾಡುವುದು ಅದರಿಂದಲೇ. ನಾನು ಹೇಳಿದ ಮ್ಯಾಕ್ರೋಫೇಜ್, ಟಿ ಕೋಶ ಎಲ್ಲ ಅದರೊಳಗೇ ಇವೆ, ವರ್ಷಗಟ್ಟಲೆ ಹಾಗೇ ಇರುತ್ತವೆ. ಮುಂದೆ ಯಾವುದಾದರೂ ಹೊಸ ಪರೀಕ್ಷೆ ಬಂದರೂ ಅದೇ ಬೇಕು. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿಯಲ್ಲಿ ಅರ್ಜಿ ಬರೆದುಕೊಟ್ಟು, ರಿಪೋರ್ಟಿನ ನಂಬರ್ ತೋರಿಸಿ ಕೇಳಿ. ಬ್ಲಾಕ್ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇನಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ಸ್ಲೈಡನ್ನು ಡಬ್ಬಿಯಲ್ಲಿಟ್ಟು ಬಟ್ಟೆ ಸುತ್ತಿ. ಬ್ಲಾಕನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಬಸ್ಸಿನ ಇಂಜಿನ್ ಪಕ್ಕ ಇಡಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ. ಕೈಚೀಲದಲ್ಲಿ, ನೆರಳಿನಲ್ಲಿ ಇರಲಿ. ಅಲ್ಲಿ ಕೊಟ್ಟಮೇಲೆ ರಸೀದಿ ಪಡೆದು, ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕನ್ನು ವಾಪಸ್ ಕೇಳಿ ತೆಗೆದುಕೊಳ್ಳಿ.